ಗೆದ್ದು ಬಂದವರು, ಎದ್ದು ಬಂದವರು

ಯುದ್ಧದ ಸಿನಿಮಾಗಳನ್ನು ನೀವೂ ನೋಡಿರುತ್ತೀರಿ. ಆದ್ದರಿಂದ ನಾನು ಹೇಳಹೊರಟಿರುವ ಕ್ಷುಲ್ಲಕ ಸಂಗತಿ ನಿಮ್ಮ ಗಮನಕ್ಕೂ ಬಂದಿರಬಹುದು. ಸೋತು, ಹಸಿದು, ನಿದ್ದೆಗೆಟ್ಟು ಸಮುದ್ರದ ದಂಡೆಗೆ ಬಂದು ನಿಂತ ಸೈನಿಕನ ಮುಖದ ಕೆಸರು ಯಾವಾಗಲೂ ಒಂದೇ ಕೆನ್ನೆಯ ಮೇಲಿರುತ್ತದೆ. ಇನ್ನೊಂದು ಕೆನ್ನೆ ಆಗಷ್ಟೇ ಕ್ಷೌರದಂಗಡಿಯ ಕುರ್ಚಿಯಿಂದ ಇಳಿದವನ ಕೆನ್ನೆಯಂತೆ ನುಣ್ಣಗೆ ಹೊಳೆಯುತ್ತಿರುತ್ತದೆ. ಕಥಾನಾಯಕನಾದರೆ ಕೆಸರು ಎಡಗೆನ್ನೆಗೆ, ಅವನ ಗೆಳೆಯನಾದರೆ ಬಲಗೆನ್ನೆಗೆ, ಇನ್ನರ್ಧ ಗಂಟೆಯಲ್ಲಿ ಅಮ್ಮನ ಫೋಟೋ ಹಿಡಿದುಕೊಂಡು ಪ್ರಾಣ ಬಿಡಲಿರುವ ನತದೃಷ್ಟನಾದರೆ ಹಣೆಗೆ. ನಾನಂತೂ ಈಗ ಕೆಸರನ್ನು ನೋಡಿಯೇ ಯಾರ ಆಯುಸ್ಸು ಎಷ್ಟೆಂದು ಹೇಳಿಬಿಡುತ್ತೇನೆ. ಹೀಗಾಗಿ ಮನೆಯವರು ಇಂಥ ಚಿತ್ರಗಳಿಗೆ ನನ್ನನ್ನು ಜೊತೆಗೆ ಕರೆದೊಯ್ಯುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು.

ಈ ಪಾಂಡಿತ್ಯವನ್ನು ನಾನು ರಣರಂಗದಲ್ಲಿ ಗಳಿಸಿದ್ದೇನೂ ಅಲ್ಲ. ಕಾಲೇಜಿನ ಕವಾಯತಿನಲ್ಲಿ ಹೆಗಲಿಗೇರಿಸಿದ ಮರದ ಬಂದೂಕನ್ನು ಬಿಟ್ಟರೆ ಆಯುಧವೆಂದು ನಾನು ಹಿಡಿದದ್ದು ಸೀಮೆಸುಣ್ಣವೊಂದನ್ನೇ. ಅದನ್ನೂ ಗುರಿಯಿಟ್ಟು ಎಸೆದಾಗಲೆಲ್ಲ ನಿರಪರಾಧಿಗಳಿಗೇ ತಗಲಿದೆ. ನನ್ನ ಪಾಂಡಿತ್ಯದ ಮೂಲ ಒಂದೇ ಒಂದು ಇಂಗ್ಲಿಷ್ ಚಿತ್ರ. ಅದನ್ನು ಎರಡು ಭಾನುವಾರ ನೋಡಿದೆ, ಎರಡು ಭಾನುವಾರವೂ ಧ್ವನಿವರ್ಧಕದಲ್ಲಿ ಊರಿಗೆಲ್ಲ ವಿವರಿಸಿದೆ, ಎರಡು ಸಲವೂ ತಪ್ಪು ವಿವರಿಸಿದೆ. ಮೊದಲನೆಯ ಸಲ ತಪ್ಪಿದ್ದು ಅಹಂಕಾರದಿಂದ, ಎರಡನೆಯ ಸಲ ಪಶ್ಚಾತ್ತಾಪದಿಂದ.

ಎಪ್ಪತ್ತರ ದಶಕದ ನಡುವಿನ ಮಾತು. ಹರಪನಹಳ್ಳಿಯವನಾದ ನಾನು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ಇಂಗ್ಲಿಷ್-ಕನ್ನಡ ನಿಘಂಟು ಇಷ್ಟನ್ನು ಬಸ್ಸಿಗೇರಿಸಿಕೊಂಡು ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿಗೆ ಇಂಗ್ಲಿಷ್ ಮೇಷ್ಟ್ರಾಗಿ ಬಂದಿದ್ದೆ. ಇಪ್ಪತ್ನಾಲ್ಕರ ಹರೆಯ, ಒಂದು ಮಾತಿನಲ್ಲಿ ಮುಗಿಯುವುದನ್ನು ಒಂದು ಸಮಾಸದಲ್ಲಿ ಮುಗಿಸಬೇಕೆಂಬ ಚಪಲ. ಹೋಟೆಲಿನಲ್ಲಿ ನೀರು ಕೇಳುವಾಗ ‘ಜಲ’ ಎಂದವನಲ್ಲ ನಿಜ, ಆದರೆ ಅಂದುಬಿಡುವಷ್ಟು ಹತ್ತಿರಕ್ಕೆ ಹಲವು ಸಲ ಹೋಗಿ ಬಂದಿದ್ದೇನೆ.

ಊರಿಗೆ ಒಂದು ಟಾಕೀಸಿತ್ತು. ತಗಡಿನ ಮಾಡು, ನೆಲ, ಬೆಂಚು, ಕುರ್ಚಿ ಎಂಬ ಮೂರು ದರ್ಜೆ, ಹೆಂಗಸರ ಕಡೆಗೂ ಗಂಡಸರ ಕಡೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಮಾಲೀಕರಾದ ಕೊಟ್ರಪ್ಪನವರಿಗೆ ಶೇಂಗಾ ಎಣ್ಣೆಯ ಮಿಲ್ಲು ಕಸುಬು, ಸಿನಿಮಾ ಖಯಾಲಿ. ಪ್ರೊಜೆಕ್ಟರ್ ಓಡಿಸುತ್ತಿದ್ದವರು ಬಾಷಾಸಾಬರು. ಅವರು ಉಳಿದ ಹೊತ್ತಿನಲ್ಲಿ ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದರು. ಇದ್ದದ್ದು ಒಂದೇ ಪ್ರೊಜೆಕ್ಟರಾದ್ದರಿಂದ ಒಂದು ರೀಲು ಇಳಿದು ಇನ್ನೊಂದು ಏರುವವರೆಗೆ ದೀಪ ಹತ್ತುತ್ತಿತ್ತು, ಜನ ಅಲ್ಲಿಯವರೆಗಿನ ಕಥೆಯನ್ನು ಸಾವಕಾಶವಾಗಿ ವಿಮರ್ಶೆ ಮಾಡಿ ಮುಗಿಸುತ್ತಿದ್ದರು. ಭಾನುವಾರದ ಬೆಳಗಿನ ಆಟದಲ್ಲಿ ತಗಡಿನ ತೂತುಗಳಿಂದ ಬಿಸಿಲಿಳಿದು ಪರದೆಯ ಮೇಲೆ ಬೀಳುತ್ತಿತ್ತಾಗಿ, ನಮ್ಮೂರಿನ ಚಿತ್ರಗಳಲ್ಲಿ ನಡುಮಧ್ಯಾಹ್ನದ ಆಕಾಶದಲ್ಲೂ ನಕ್ಷತ್ರಗಳಿರುತ್ತಿದ್ದವು.

ಜನ ಮುಗಿಬಿದ್ದು ನೋಡುವ ಕನ್ನಡ ಚಿತ್ರವೊಂದು ಬೇಕಾದರೆ ಜೊತೆಗೆ ಈ ಇಂಗ್ಲಿಷ್ ಚಿತ್ರವನ್ನೂ ಒಯ್ಯಬೇಕೆಂದು ಹಂಚಿಕೆದಾರ ಕೊಟ್ರಪ್ಪನವರಿಗೆ ಗಂಟು ಹಾಕಿದ್ದ. ಡಬ್ಬಿಯ ಮೇಲಿನ ಹೆಸರು ಯಾವ ಕಾಲದಲ್ಲೋ ಅಳಿಸಿಹೋಗಿತ್ತು. ಪೋಸ್ಟರಿನಲ್ಲಿ ದೋಣಿಗಳಿದ್ದುದರಿಂದ ಊರು ಅದಕ್ಕೆ ‘ದೋಣಿ ಪಿಕ್ಚರ್’ ಎಂದು ನಾಮಕರಣ ಮಾಡಿತು. ಇಂಗ್ಲಿಷ್ ಅರ್ಥವಾಗದೆ ಜನ ಎದ್ದುಹೋದಾರೆಂಬ ಅಂಜಿಕೆಯಿಂದ ಕೊಟ್ರಪ್ಪನವರು ನನ್ನ ಕೋಣೆಗೆ ಬಂದು, ನಾನು ಪರದೆಯ ಪಕ್ಕ ನಿಂತು ಮೈಕಿನಲ್ಲಿ ಕಥೆ ಹೇಳಬೇಕೆಂದು ಕೇಳಿಕೊಂಡರು. ಮೈಕು ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ನಾನು ಬೇರೇನನ್ನೂ ಕೇಳಿಸಿಕೊಳ್ಳಲಿಲ್ಲ.

ಶನಿವಾರ ಮಧ್ಯಾಹ್ನ ಖಾಲಿ ಟಾಕೀಸಿನಲ್ಲಿ ನನ್ನೊಬ್ಬನಿಗಾಗಿ ಚಿತ್ರ ಓಡಿತು. ಶತ್ರುಗಳು ಮೂರು ದಿಕ್ಕಿನಿಂದ ಅಟ್ಟಿಕೊಂಡು ಬಂದ ಒಂದು ದೊಡ್ಡ ಸೈನ್ಯ ಸಮುದ್ರದ ದಂಡೆಯಲ್ಲಿ ಸಿಕ್ಕಿಬಿದ್ದಿದೆ, ಹಡಗುಗಳು ಸಾಲುತ್ತಿಲ್ಲ, ಆಚೆ ದಡದ ಮೀನುಗಾರರು, ಅಂಗಡಿಕಾರರು ತಮ್ಮ ತಮ್ಮ ದೋಣಿಗಳಲ್ಲಿ ಬಂದು ಸೈನಿಕರನ್ನು ಊರಿಗೆ ಸಾಗಿಸುತ್ತಾರೆ. ಇಷ್ಟೇ ಕಥೆ. ಆದರೆ ಈ ಇಡೀ ಕಾರ್ಯಕ್ಕೆ ಚಿತ್ರದ ಅಧಿಕಾರಿಗಳು ಐದು ನಿಮಿಷಕ್ಕೊಮ್ಮೆ ಒಂದು ಶಬ್ದ ಬಳಸುತ್ತಿದ್ದರು: ಇವ್ಯಾಕ್ಯುಯೇಶನ್. ಕೋಣೆಗೆ ಬಂದು ನಿಘಂಟು ತೆರೆದೆ. ಖಾಲಿ ಮಾಡುವುದು, ತೆರವುಗೊಳಿಸುವುದು ಎಂಬ ಅರ್ಥಗಳ ಕೆಳಗೆ ವೈದ್ಯರ ಬಳಕೆಯಲ್ಲಿ ಮಲವಿಸರ್ಜನೆ ಎಂದೂ ಇತ್ತು. ಒಂದು ಮಹಾಸೈನ್ಯದ ಸಾಹಸಕ್ಕೆ ಆ ಕೊನೆಯ ಅರ್ಥವನ್ನು ಹಚ್ಚುವ ಧೈರ್ಯವಾಗಲಿಲ್ಲ. ಮೊದಲಿನ ಎರಡು, ಬಾಡಿಗೆ ಮನೆಗೆ ಸಂಬಂಧಪಟ್ಟವೆನ್ನಿಸಿತು. ಕೊನೆಗೆ, ನಿಘಂಟಿನಲ್ಲಿ ಇಲ್ಲದಿದ್ದರೂ ನಾಲಿಗೆಗೆ ತುಂಬುವಂಥ ‘ಪಲಾಯನ’ವನ್ನು ಆರಿಸಿಕೊಂಡು, ಕನ್ನಡಿಯೆದುರು ಹತ್ತು ಸಲ ಅಂದು ನೋಡಿ ನಿದ್ದೆ ಹೋದೆ.

ಈ ಆಟಕ್ಕೆ ವಿಶೇಷ ಆಹ್ವಾನಿತರೊಬ್ಬರಿದ್ದರು. ಪ್ರವಾಸಿ ಮಂದಿರವನ್ನು ನೋಡಿಕೊಳ್ಳುವ ಮೇಟಿಯಾಗಿ ನಿವೃತ್ತರಾದ ಹನುಮಂತಪ್ಪನವರನ್ನು ಊರು ‘ಮಿಲ್ಟ್ರಿ ಹನುಮಂತಪ್ಪ’ ಎಂದೇ ಕರೆಯುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿ ಬಂದ ಆಸಾಮಿ. ಎಣ್ಣೆ ಹಚ್ಚಿ ತಿದ್ದಿದ ಬಿಳಿ ಮೀಸೆ, ಇಸ್ತ್ರಿಯ ಗೆರೆ ಮುರಿಯದ ಖಾಕಿ ಅಂಗಿ. ದಿನಾ ಬೆಳಿಗ್ಗೆ ಬಸ್‌ಸ್ಟ್ಯಾಂಡಿನೆದುರಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ-ಮಿರ್ಚಿಯ ತಟ್ಟೆಯ ಮುಂದೆ ಕೂತು ಬರ್ಮಾದ ಕಥೆ ಹೇಳುತ್ತಿದ್ದರು. ಆ ಕಥೆಗೆ ಆದಿ ಇತ್ತು, ಅಂತ್ಯವಿತ್ತು, ಮಧ್ಯ ಮಾತ್ರ ಇರಲಿಲ್ಲ. ಮದ್ರಾಸಿನಲ್ಲಿ ಹಡಗು ಹತ್ತುವುದು ಆದಿ. ‘ಬರ್ಮಾ ಗೆದ್ದೋರು ನಾವು’ ಎಂಬುದು ಅಂತ್ಯ. ನಡುವೆ ಒಂದು ಮಿರ್ಚಿ ಮುಗಿಯುತ್ತಿತ್ತು. ಯಾರೂ ಹೆಚ್ಚು ಕೇಳುತ್ತಿರಲಿಲ್ಲ, ಏಕೆಂದರೆ ಅವರ ಮೀಸೆಯನ್ನು ನೋಡಿದರೆ ಬರ್ಮಾ ಸೋತದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಮೊದಲ ಭಾನುವಾರ ಟಾಕೀಸು ತುಂಬಿತು. ಹನುಮಂತಪ್ಪನವರನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ ಕೊಟ್ರಪ್ಪನವರು ಚೆಂಡುಹೂವಿನ ಹಾರ ಹಾಕಿದರು. ಚಿತ್ರ ಶುರುವಾಯಿತು. ಪರದೆಯ ಮೇಲೆ ಸಾವಿರಾರು ಸೈನಿಕರು ಮರಳಿನಲ್ಲಿ ಸರತಿಯ ಸಾಲು ಹಚ್ಚಿ ನಿಂತಿದ್ದರು. ಮೇಲಿಂದ ಬಾಂಬು ಬೀಳುತ್ತಿದ್ದವು. ಬಾಂಬು ಬಿದ್ದಾಗ ಮಲಗುವುದು, ಹೊಗೆ ಹೋದ ಮೇಲೆ ಎದ್ದು ಮತ್ತೆ ತಂತಮ್ಮ ಜಾಗದಲ್ಲೇ ನಿಲ್ಲುವುದು. ನಮ್ಮ ಜನಕ್ಕೆ ಬಾಂಬಿನಿಂದ ಅಷ್ಟು ಸೋಜಿಗವಾಗಲಿಲ್ಲ, ಸರತಿಯಿಂದ ಆಯಿತು. ಕೊಟ್ಟೂರಿನಲ್ಲಿ ಕೂಡ್ಲಿಗಿ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಗಳಿಂದ ಟವೆಲ್ಲುಗಳೂ ಚೀಲಗಳೂ ಒಳಗೆ ಹಾರಿ ಜಾಗ ಹಿಡಿಯುವುದನ್ನು ಕಂಡವರು ನಾವು, ಅದೂ ಒಂದೇ ಒಂದು ಬಾಂಬಿನ ಪ್ರೇರಣೆಯಿಲ್ಲದೆ. ದೋಣಿ ಬಂದರೂ ಯಾರೊಬ್ಬನೂ ಟವೆಲು ಒಗೆಯದಿದ್ದುದನ್ನು ನೋಡಿ, ಇದು ಪೂರಾ ಕಟ್ಟುಕಥೆಯೆಂದು ಬೆಂಚಿನವರು ತೀರ್ಮಾನಿಸಿದರು.

ಇಂಥ ಚಿತ್ರಗಳ ಲಕ್ಷಣವನ್ನು ನಾನು ಅಲ್ಲೇ ಕಂಠಪಾಠ ಮಾಡಿದ್ದು. ಒಬ್ಬ ಅಧಿಕಾರಿ ಇರಲೇಬೇಕು. ಅವನು ಕೊನೆಯ ದೋಣಿಯವರೆಗೆ ಪೈಪು ಸೇದುತ್ತ ದಡದಲ್ಲೇ ನಿಲ್ಲಬೇಕು, ಆ ಪೈಪಿಗೆ ತಂಬಾಕು ಎಲ್ಲಿಂದ ಬರುತ್ತದೆಂದು ಯಾರೂ ಕೇಳಬಾರದು. ಒಬ್ಬ ಬಾಯಲ್ಲಿ ಊದುವ ವಾದ್ಯ ನುಡಿಸಬೇಕು. ದುಃಖ ಹೆಚ್ಚಾದಲ್ಲಿ ಪಿಟೀಲುಗಳು ಸಮುದ್ರದೊಳಗಿಂದ ಏಳಬೇಕು. ಕೊನೆಗೆ ಆಚೆ ದಡದಲ್ಲಿ ಹೆಂಗಸರು ಚಹಾ, ಬಿಸ್ಕತ್ತು ಹಿಡಿದು ನಿಂತಿರಬೇಕು, ಅಲ್ಲಿಗೆ ಶುಭಂ. ಚಹಾ ಕುಡಿದ ಮೇಲೆ ಆ ಸೈನಿಕ ಮನೆಗೆ ಹೋಗಿ ಬಾಗಿಲು ಬಡಿದು ಏನು ಹೇಳಿದ ಎಂಬುದನ್ನು ಯಾವ ಚಿತ್ರವೂ ತೋರಿಸುವುದಿಲ್ಲ. ಮತ್ತು ಆ ಬ್ರಿಟಿಷ್ ಸೈನ್ಯದಲ್ಲಿ ಹನುಮಂತಪ್ಪನವರಂಥ ನಮ್ಮ ದೇಶದವರೂ ಇದ್ದರೆಂಬ ಸಂಗತಿ ಕ್ಯಾಮೆರಾದ ಕಿವಿಗೆ ಬಿದ್ದಂತಿಲ್ಲ.

ಎರಡನೇ ರೀಲಿನಲ್ಲಿ ನಾನು ನನ್ನ ಬ್ರಹ್ಮಾಸ್ತ್ರ ಬಿಟ್ಟೆ. ‘ಇದೋ ನೋಡಿ, ಮಹಾಸೇನೆಯ ಮಹಾಪಲಾಯನ’ ಎಂದೆ. ಮೊದಲು ಕೆಲವರು ಅದನ್ನು ‘ಪಾರಾಯಣ’ ಎಂದು ಕೇಳಿಸಿಕೊಂಡು, ಸೈನಿಕರು ಯಾವ ಪುರಾಣ ಓದುತ್ತಾರೆಂದು ಕಾದರು. ಆಮೇಲೆ ದೊಡ್ಡಾಟದಲ್ಲಿ ಪಾತ್ರ ಹಾಕುವ ಒಬ್ಬರು, ರಾಕ್ಷಸರ ದಂಡು ರಂಗ ಬಿಟ್ಟು ಓಡುವುದಕ್ಕೆ ಭಾಗವತರು ಹೇಳುವ ಮಾತು ಅದೇ ಎಂದು ಸುತ್ತಲಿನವರಿಗೆ ಬಿಡಿಸಿ ಹೇಳಿದರು. ದೀಪ ಹತ್ತಿದ ಕೂಡಲೇ ಬೆಂಚಿನಿಂದ ಪ್ರಶ್ನೆ ಬಂತು, ಪಲಾಯನ ಅಂದರೆ ಓಡಿ ಬರುವುದೇ ಎಂದು. ನಾನು ಹೌದೆಂದೆ, ಅಷ್ಟಕ್ಕೆ ಬಿಡದೆ ವ್ಯುತ್ಪತ್ತಿಯನ್ನೂ ಹೇಳಿದೆ. ಆಗ ಇಡೀ ಟಾಕೀಸು ತಲೆ ಹೊರಳಿಸಿ ಚೆಂಡುಹೂವಿನ ಹಾರವನ್ನು ನೋಡಿತು. ಹಾಗಾದರೆ ಬರ್ಮಾದ್ದೂ ಹೀಗೇನಾ ಎಂದು ಯಾರೋ ಕೇಳಿದರು, ಎಲ್ಲರೂ ನಕ್ಕರು. ಹನುಮಂತಪ್ಪನವರೂ ನಕ್ಕರು, ಆದರೆ ಹಾರವನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು.

ಅದೇ ದಿನ ಇನ್ನೊಂದು ಅಪಾರ್ಥವೂ ಹುಟ್ಟಿತು. ಸೈನಿಕರು ದೋಣಿಗಾಗಿ ಎದೆಮಟ್ಟ ನೀರಿನಲ್ಲಿ ನಿಂತು, ಬಂದೂಕು ಗಂಟುಗಳನ್ನು ತಲೆಯ ಮೇಲೆ ಹೊತ್ತ ದೃಶ್ಯ ಬಂದಾಗ, ಡ್ಯಾಮು ಯಾವುದೆಂದು ನೆಲದವರು ಕೇಳಿದರು. ನಮ್ಮ ಕಡೆಯ ಅರ್ಧ ಜನ ತುಂಗಭದ್ರೆಯ ಮುಳುಗಡೆಯವರು; ನೀರು ಏರಿ ಬರುವಾಗ ತಲೆಯ ಮೇಲೆ ಗಂಟು ಹೊತ್ತವರು. ಅಣೆಕಟ್ಟಿಲ್ಲದೆ ಅಷ್ಟು ಜನ ನೀರಿನಲ್ಲಿ ನಿಲ್ಲುವುದಕ್ಕೆ ಅವರಿಗೆ ಬೇರೆ ಕಾರಣವೇ ಕಾಣಲಿಲ್ಲ. ಸಂಜೆಯೊಳಗೆ ದೋಣಿ ಪಿಕ್ಚರ್ ಹೋಗಿ ‘ಮುಳುಗಡಿ ಪಿಕ್ಚರ್’ ಆಯಿತು. ಮುಂದಿನ ಭಾನುವಾರ ತಾವೂ ನೋಡಬೇಕೆಂದು ಹೆಂಗಸರು ಹೇಳಿಕಳಿಸಿದರು. ಕೊಟ್ರಪ್ಪನವರು ಹಂಚಿಕೆದಾರನಿಗೆ ತಂತಿ ಕೊಟ್ಟು ಡಬ್ಬಿಯನ್ನು ಇನ್ನೊಂದು ವಾರ ಉಳಿಸಿಕೊಂಡರು, ಮತ್ತು ಬೋರ್ಡಿನ ಮೇಲೆ ‘ಮುಳುಗಡೆಯ ರೋಮಾಂಚಕಾರಿ ದೃಶ್ಯಗಳು’ ಎಂದು ಬರೆಸಿದರು.

ನನ್ನ ಪ್ರತಿಭೆಯಿಂದ ನಾನೇ ಪುಳಕಗೊಂಡಿದ್ದೆನಾಗಿ, ಹೋಟೆಲಿನಲ್ಲಿ ಒಂದು ಕುರ್ಚಿ ಖಾಲಿಯಿರುವುದು ಬುಧವಾರದವರೆಗೆ ನನ್ನ ಕಣ್ಣಿಗೆ ಬೀಳಲಿಲ್ಲ. ಕೇಳಿದರೆ, ‘ಪಲಾಯನ’ದವರು ಬಂದಿಲ್ಲ ಎಂದು ಮಿರ್ಚಿ ಕರಿಯುವವನು ಅಂದ. ಮಿಲ್ಟ್ರಿ ಹೋಗಿ ಪಲಾಯನ ಬಂದಿತ್ತು. ಆ ಹೆಸರನ್ನು ತಯಾರಿಸಿ ಊರಿಗೆ ಕೊಟ್ಟವನು ನಾನೇ ಎಂಬುದು ಹೊಳೆದಾಗ ಬಾಯಲ್ಲಿದ್ದ ಮಿರ್ಚಿ ಇದ್ದದ್ದಕ್ಕಿಂತ ಹೆಚ್ಚು ಖಾರವಾಯಿತು. ನನಗೆ ನಾಚಿಕೆಯಾಯಿತು, ಅದನ್ನು ಯಾವ ಸಮಾಸದಲ್ಲೂ ಮುಚ್ಚಿ ಹೇಳಲಾರೆ.

ಗುರುವಾರ ಸಂಜೆ ಶಾಲೆ ಬಿಟ್ಟು ಬರುವಷ್ಟರಲ್ಲಿ ಹನುಮಂತಪ್ಪನವರು ನನ್ನ ಕೋಣೆಯ ಕಟ್ಟೆಯ ಮೇಲೆ ಕೂತಿದ್ದರು. ನಾನು ಕ್ಷಮೆ ಕೇಳಲು ಬಾಯಿ ತೆರೆದರೆ ಕೈ ಎತ್ತಿ ತಡೆದರು. ಊರ ಮಂದಿ ಏನಂದರೂ ತಮಗೆ ಚಿಂತೆಯಿಲ್ಲವಂತೆ. ಚಿಂತೆ ಇದ್ದದ್ದು ಹೆಂಡತಿ ಹುಲಿಗೆಮ್ಮನವರದು. ಹುಲಿಗೆಮ್ಮನವರು ಬರುವ ಭಾನುವಾರ ಟಾಕೀಸಿಗೆ ಬರುವುದೆಂದು ತೀರ್ಮಾನಿಸಿದ್ದರು, ಓಣಿಯ ಹೆಂಗಸರನ್ನೆಲ್ಲ ಹೊರಡಿಸಿದ್ದರು.

ಆಗ ಬರ್ಮಾ ಕಥೆಯ ಮಧ್ಯಭಾಗ ಮೊದಲ ಸಲ ಹೊರಬಿತ್ತು. ಇವರು ಬಂದೂಕು ಹಿಡಿದವರಲ್ಲ. ಸೈನ್ಯದ ಸಾ‌ಮಾನು ಹೊರುವ ಹೇಸರಗತ್ತೆಗಳನ್ನು ಹೊಡೆಯುವವರು. ಜಪಾನಿನವರು ಬೆನ್ನು ಹತ್ತಿದಾಗ ಇಡೀ ಸೈನ್ಯದೊಂದಿಗೆ ಕಾಡು ಗುಡ್ಡಗಳಲ್ಲಿ ನಡೆದು ಹಿಂದಕ್ಕೆ ಬಂದು, ಜ್ವರ ಹಿಡಿದು ಆಸ್ಪತ್ರೆ ಸೇರಿ, ಅಲ್ಲಿಂದ ಮನೆಗೆ ಬಂದಿದ್ದರು. ಮುಂದೆ ಸೈನ್ಯ ಮತ್ತೆ ಹೋಗಿ ಬರ್ಮಾ ಗೆದ್ದದ್ದು ನಿಜ. ಆದರೆ ಆ ಹೊತ್ತಿಗೆ ಇವರು ಮನೆಯಲ್ಲಿದ್ದರು. ‘ನಾವು’ ಎಂಬ ಸರ್ವನಾಮ ಬಹಳ ಉದಾರವಾದದ್ದು, ಅದರೊಳಗೆ ಅವರೂ ಹಿಡಿಸಿದ್ದರು. ಚಿತ್ರದ ಬಗ್ಗೆ ಅವರದು ಒಂದೇ ತಕರಾರು: ತಾವು ನಡೆಯುವಾಗ ಯಾರೂ ಪಿಟೀಲು ಬಾರಿಸಲಿಲ್ಲ.

ಆಮೇಲೆ ತಗ್ಗಿದ ದನಿಯಲ್ಲಿ ಅವರು ಹೇಳಿದ ಮಾತು ನನಗಿನ್ನೂ ನೆನಪಿದೆ. “ನಮ್ಮಾಕಿಗೆ ಗೆದ್ದು ಬಂದೀನಿ ಅಂತ ಹೇಳೀನ್ರಿ. ಆಕಿ ಓಣಿಗೆಲ್ಲ ಹೇಳ್ಯಾಳ. ಮೂವತ್ತು ವರ್ಷದ ಮ್ಯಾಲ ಈಗ ಸುಳ್ಳುಗಾರ ಅನ್ನಿಸ್ಕೊಂಡು ಆಕಿ ಮುಂದ ಉಣ್ಣಾಕ ಹೆಂಗ ಕುಂದ್ರಲಿ?”

ಅದಕ್ಕೆ ಅವರೇ ಒಂದು ಉಪಾಯ ಹುಡುಕಿಕೊಂಡು ಬಂದಿದ್ದರು. ಚಿತ್ರ ಇಂಗ್ಲಿಷಿನಲ್ಲಿದೆ, ಹೆಂಗಸರಿಗೆ ತಿಳಿಯುವುದು ನಾನು ಹೇಳಿದಷ್ಟೇ. ಸೈನಿಕರು ಯುದ್ಧದಿಂದ ಬರುತ್ತಿದ್ದಾರೆ ಎನ್ನುವ ಬದಲು ಯುದ್ಧಕ್ಕೆ ಹೋಗುತ್ತಿದ್ದಾರೆ ಎಂದುಬಿಟ್ಟರೆ ಮುಗಿಯಿತು. ದೋಣಿಗೆ ಯಾವ ದಿಕ್ಕಾದರೂ ಒಂದೇ. ನಾನು ಒಪ್ಪಿಕೊಂಡೆ. ಮುಕ್ಕಾಲು ಭಾಗ ಪಾಪಪ್ರಜ್ಞೆಯಿಂದ ಒಪ್ಪಿದೆ. ಕಾಲು ಭಾಗ, ಶತ್ರುಗಳು ಹಿಂದಕ್ಕೆ ಅಟ್ಟಿದ ಒಂದು ಮಹಾಸೈನ್ಯವನ್ನು ಒಂದು ಮೈಕಿನಿಂದ ಮುಂದಕ್ಕೆ ತಿರುಗಿಸಿಬಿಡುವ ಆಸೆಯಿಂದ. ಆಚೆ ದಡದಲ್ಲಿ ಚಹಾ ಕೊಡುವ ಹೆಂಗಸರನ್ನು ಏನು ಮಾಡುವುದೆಂಬ ಸಮಸ್ಯೆಗೂ ಶನಿವಾರದೊಳಗೆ ಪರಿಹಾರ ಕಂಡುಕೊಂಡೆ: ವಿಜಯಿಗಳಾಗಿ ಬಂದ ಸೈನಿಕರಿಗೆ ಸೋತ ಊರಿನ ಮಹಿಳೆಯರು ಮರ್ಯಾದೆ ಮಾಡುತ್ತಿದ್ದಾರೆ.

ಎರಡನೆಯ ಭಾನುವಾರ ಗೋಡೆಯ ಆಚೆ ಬದಿ ಕಿಕ್ಕಿರಿದಿತ್ತು. ಹುಲಿಗೆಮ್ಮನವರನ್ನು ನಾನು ಅಂದೇ ನೋಡಿದ್ದು. ಎತ್ತರದ ಆಳು, ಹಣೆಯ ತುಂಬ ಕುಂಕುಮ, ಎಲೆಯಡಿಕೆಯ ಸಂಚಿ, ಗೋಡೆಗೆ ಹತ್ತಿದ ಜಾಗ. ಅವರ ಬಗ್ಗೆ ಕೇಳಿದ್ದೆ. ಡ್ಯಾಮಿನ ನೀರು ಬರುವ ವರ್ಷ ಹನುಮಂತಪ್ಪನವರು ಮರುಕಳಿಸಿದ ಬರ್ಮಾದ ಜ್ವರದಲ್ಲಿ ಮಲಗಿದ್ದಾಗ, ಮನೆಯನ್ನು ಬಿಚ್ಚಿ, ಬಾಗಿಲ ಚೌಕಟ್ಟು, ತೊಲೆ, ಬೀಸುಕಲ್ಲುಗಳನ್ನು ಬಂಡಿಗೆ ಹೇರಿ, ಮೇಲೆ ಗಂಡನನ್ನೂ ಮಲಗಿಸಿ ಹೊಸ ಜಾಗಕ್ಕೆ ತಂದು, ಅದೇ ಚೌಕಟ್ಟನ್ನು ನಿಲ್ಲಿಸಿ ಮನೆ ಕಟ್ಟಿಸಿದ ಹೆಂಗಸು. ಈ ವಿಷಯದಲ್ಲಿ ಅವರಿಗಿದ್ದ ಅನುಭವ ಆ ಚಿತ್ರದ ಯಾವ ಅಧಿಕಾರಿಗೂ ಇರಲಿಲ್ಲ.

ನಾನು ಶುರುಮಾಡಿದೆ. ನಮ್ಮ ವೀರರು ಶತ್ರುವಿನ ಮೇಲೆ ದಂಡೆತ್ತಿ ಹೋಗಲು ದೋಣಿಗಾಗಿ ಕಾಯುತ್ತಿದ್ದಾರೆ, ಶತ್ರು ಹೆದರಿ ಬಾಂಬು ಹಾಕುತ್ತಿದ್ದಾನೆ, ಇತ್ಯಾದಿ. ಗಂಡಸರ ಕಡೆಯಲ್ಲಿ, ಹಿಂದಿನ ವಾರ ಇದನ್ನೇ ಪಲಾಯನವೆಂದು ಕೇಳಿದವರು ಗುಸುಗುಸು ಮಾಡಿದರು; ಕೊಟ್ರಪ್ಪನವರು ತಿರುಗಿ ನೋಡಿದ ಮೇಲೆ ಸುಮ್ಮನಾದರು. ಹನುಮಂತಪ್ಪನವರು ಹಾರವಿಲ್ಲದೆ ನೆಟ್ಟಗೆ ಕೂತಿದ್ದರು. ಒಂದನೇ ರೀಲು ಹೇಗೋ ದಾಟಿತು. ದೀಪ ಹತ್ತಿದಾಗ ಹುಲಿಗೆಮ್ಮನವರು ಗೋಡೆಯ ಮೇಲಿಂದ ನನ್ನನ್ನು ಕರೆದು, ಇಷ್ಟು ಮಂದಿ ಗಂಡಸರು ಹೊರಟಿದ್ದಾರೆ, ಒಬ್ಬನ ಕೈಯಲ್ಲೂ ಒಂದು ಚೊಂಬಿಲ್ಲವಲ್ಲ, ಬೆಳಗಾದರೆ ಏನು ಮಾಡುತ್ತಾರೆ ಎಂದು ವಿಚಾರಿಸಿದರು. ನಿಘಂಟಿನ ಮೂರನೆಯ ಅರ್ಥ ಇಷ್ಟು ಬೇಗ ಉಪಯೋಗಕ್ಕೆ ಬಂದೀತೆಂದು ನಾನು ಎಣಿಸಿರಲಿಲ್ಲ. ಯುದ್ಧಚಿತ್ರಗಳ ಮೇಲೆ ಅದಕ್ಕಿಂತ ಮೊನಚಾದ ವಿಮರ್ಶೆಯನ್ನು ಈವರೆಗೆ ಎಲ್ಲೂ ಓದಿಲ್ಲ.

ಎರಡನೆಯ ರೀಲಿನಲ್ಲಿ ಸೈನಿಕರು ನೀರಿಗಿಳಿದರು. ದೋಣಿ ಹತ್ತಿದವರು, ಹತ್ತದವರು, ಎಲ್ಲರ ಮುಖಗಳೂ ಒಂದೊಂದಾಗಿ ಪರದೆಯ ತುಂಬ ಬಂದವು. ನಾನು ‘ಜಯಘೋಷ ಮಾಡುತ್ತ ಮುನ್ನುಗ್ಗುತ್ತಿರುವ ಯೋಧರು’ ಎನ್ನುತ್ತಲೇ ಇದ್ದೆ. ಗೋಡೆಯಾಚೆ ಮಾತು ನಿಂತಿತು, ಎಲೆಯಡಿಕೆ ಮೆಲ್ಲುವುದೂ ನಿಂತಿತು. ಅಲ್ಲೊಂದು ಇಲ್ಲೊಂದು ಮೂಗು ಏರಿಸುವ ಸದ್ದು ಕೇಳಿಸಿತು. ರೀಲು ಮುಗಿದು ದೀಪ ಹತ್ತಿದಾಗ ಹುಲಿಗೆಮ್ಮನವರು ಎದ್ದು ನಿಂತಿದ್ದರು.

“ಮೇಷ್ಟ್ರ, ನೀವು ಇವ್ರು ಯುದ್ಧಕ್ಕ ಹೊಂಟಾರ ಅಂತೀರಿ. ಹೋಗೋರು ಮುಂದ ನೋಡ್ತಾರ್ರಿ. ಇವ್ರು ತಿರುಗಿ ತಿರುಗಿ ಹಿಂದಕ ನೋಡಾಕ ಹತ್ಯಾರ. ಇವ್ರು ಎದ್ದು ಬರೋ ಮಂದಿ.”

ಮುಳುಗಡೆಯ ಜನ ತಮ್ಮ ಊರು ಮುಳುಗಿತು ಎಂದು ಎಂದೂ ಹೇಳುವುದಿಲ್ಲ, ‘ಊರು ಎದ್ದಿತು’ ಎನ್ನುತ್ತಾರೆ. ನೀರು ಬಂದು ಮುಳುಗಿಸುವ ಮೊದಲೇ ಮನೆ, ದನ, ದೇವರ ಸಮೇತ ಊರು ತಾನಾಗಿ ಎದ್ದು ನಡೆಯಿತು ಎಂಬ ಹಾಗೆ. ‘ನಾವು ಎದ್ದು ಬಂದೋರು’ ಎಂದು ಅವರು ಹೇಳುವುದನ್ನು ನಾನು ಆ ಊರಿನಲ್ಲಿ ದಿನಕ್ಕೆ ನಾಲ್ಕು ಸಲ ಕೇಳಿದ್ದೆ, ಮತ್ತು ನಿಘಂಟಿನ ಮೇಲೆ ಕಣ್ಣಿಟ್ಟು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಅಧಿಕಾರಿಯ ಪೈಪಿನಲ್ಲಿ, ಸರತಿಯ ಸಾಲಿನಲ್ಲಿ, ಒಂದೇ ಕೆನ್ನೆಯ ಕೆಸರಿನಲ್ಲಿ ಸುಳ್ಳಾಡಿದ ಆ ಚಿತ್ರ ಮುಖಗಳಲ್ಲಿ ಮಾತ್ರ ನಿಜ ಹೇಳಿತ್ತು. ಅದನ್ನು ಗುರುತಿಸಲು ಅವರಿಗೆ ಇಂಗ್ಲಿಷೂ ಬೇಕಾಗಲಿಲ್ಲ, ನಾನೂ ಬೇಕಾಗಲಿಲ್ಲ.

ಆಗ ಹನುಮಂತಪ್ಪನವರು ಕುರ್ಚಿಯಿಂದ ಎದ್ದು ಬಂದು ಮೈಕಿಗಾಗಿ ಕೈಚಾಚಿದರು. ಕೊಟ್ಟೆ. ಅದನ್ನು ಎರಡೂ ಕೈಯಲ್ಲಿ ಹಗ್ಗದಂತೆ ಹಿಡಿದುಕೊಂಡು, ಹೆಂಗಸರ ಕಡೆ ನೋಡದೆ, ಖಾಲಿ ಪರದೆಯನ್ನೇ ನೋಡುತ್ತ ಮಾತಾಡಿದರು.

“ಆ ಕಡಿಯಿಂದ ಹೇಳಿದ್ದು ಖರೇನ ಐತಿ. ಇವ್ರು ಎದ್ದು ಬರೋರು. ನಾನೂ ಬರ್ಮಾದಿಂದ ಹಿಂಗ ಬಂದೋನು. ಗೆದ್ದು ಬಂದೋನಲ್ಲ, ಎದ್ದು ಬಂದೋನು. ಇಷ್ಟು ದಿನ ಸುಳ್ಳು ಹೇಳೀನಿ.”

ಆಮೇಲೆ ಅವರು ತಮ್ಮ ಹೇಸರಗತ್ತೆಯ ವಿಷಯ ಹೇಳಿದರು. ಕಾಡಿನುದ್ದಕ್ಕೂ ಜೊತೆಗೆ ನಡೆದು ಬಂದದ್ದನ್ನು ಒಂದು ದೊಡ್ಡ ಹೊಳೆಯ ದಂಡೆಯಲ್ಲಿ ಬಿಡಬೇಕಾಯಿತಂತೆ. ದೋಣಿಯಲ್ಲಿ ಮನುಷ್ಯರಿಗೇ ಜಾಗವಿರಲಿಲ್ಲ. ಹಗ್ಗ ಬಿಚ್ಚಿ ಹೋಗೆಂದರೆ ಅದು ಹೋಗಲಿಲ್ಲ, ದೋಣಿ ಕಾಣುವವರೆಗೆ ಅಲ್ಲೇ ನಿಂತು ನೋಡುತ್ತಿತ್ತಂತೆ. ಗೆದ್ದ ಕಥೆ ಹೇಳಿದರೆ ಆ ಹೊಳೆಯ ತನಕ ಹೋಗುವ ಅಗತ್ಯ ಬೀಳುತ್ತಿರಲಿಲ್ಲ, ಅದಕ್ಕೇ ಹಾಗೆ ಹೇಳಿದೆ ಎಂದರು. ಹಿಂದಿನ ವಾರ ನಕ್ಕವರು ಯಾರೂ ಈಗ ನಗಲಿಲ್ಲ. ಬಾಷಾಸಾಬರು ಹೊಸ ರೀಲು ಏರಿಸಿದ್ದರೂ ದೀಪ ಆರಿಸದೆ ಕಿಂಡಿಯಿಂದ ತಲೆ ಹಾಕಿ ಕೇಳುತ್ತಿದ್ದರು. ಹನುಮಂತಪ್ಪನವರು ಮಾತು ಮುಗಿಸಿ, ಮೈಕನ್ನು ನನಗೆ ಒಪ್ಪಿಸಿ, ಗೋಡೆಯ ಕಡೆಯಿಂದ ಬರುವ ತೀರ್ಪಿಗಾಗಿ ಅಟೆನ್ಶನ್ನಿನಲ್ಲಿ ನಿಂತರು.

ಹುಲಿಗೆಮ್ಮನವರು ಕೂತಿರಲಿಲ್ಲ. ಆ ಕಾಲದ ಹೆಂಗಸರು ನಾಲ್ಕು ಮಂದಿಯೆದುರು ಗಂಡನೊಂದಿಗೆ ನೇರ ಮಾತಾಡುವ ಪದ್ಧತಿಯಿರಲಿಲ್ಲ, ಹೆಸರಂತೂ ಹಿಡಿಯುತ್ತಿರಲಿಲ್ಲ. ಅವರು ನನ್ನತ್ತ ತಿರುಗಿದರು.

“ಮೇಷ್ಟ್ರ, ಅವ್ರಿಗೆ ಹೇಳ್ರಿ. ಗೆದ್ದು ಬಂದಿಲ್ಲ ಅಂಬೋದು ನನಗ ಆವತ್ತ ಗೊತ್ತಿತ್ತು. ಮೂರು ತಿಂಗಳು ಅವ್ರ ಅಂಗಾಲಿಗೆ ಹರಳೆಣ್ಣಿ ಹಚ್ಚಿದಾಕಿ ನಾನು. ಗೆದ್ದು ಬಂದೋರ ಅಂಗಾಲು ಹಂಗ ಇರ್ತಾವೇನು? ಬಂದ್ರಲ್ಲ ಅಂತ ಹಚ್ಚೀನಿ, ಗೆದ್ರು ಅಂತ ಹಚ್ಚಿಲ್ಲ.”

ಹನುಮಂತಪ್ಪನವರು ಅವರಿಂದ ಹತ್ತು ಮಾರು ದೂರದಲ್ಲಿ ನಿಂತು ಅಕ್ಷರ ಅಕ್ಷರವನ್ನೂ ಕೇಳಿಸಿಕೊಂಡಿದ್ದರು. ಆದರೂ ಹೇಳೆಂದು ಹುಲಿಗೆಮ್ಮನವರು ನನಗೆ ಹೇಳಿದ್ದರಲ್ಲ. ನಾನು ಮೈಕನ್ನು ಬಾಯಿಗೆ ಹಿಡಿದು, ಒಂದು ಸಂಸ್ಕೃತ ಪದವನ್ನೂ ಬೆರೆಸದೆ, ಹರಳೆಣ್ಣಿಯನ್ನು ಎರಂಡತೈಲ ಮಾಡದೆ, ಆಕೆಯ ಮಾತನ್ನು ಆಕೆಯ ಮಾತಿನಲ್ಲೇ ಗಂಡನಿಗೆ ತಲುಪಿಸಿದೆ. ನನ್ನ ಜೀವಮಾನದಲ್ಲಿ ತಪ್ಪಿಲ್ಲದೆ ನಾನು ಮಾಡಿದ ಅನುವಾದ ಅದೊಂದೇ.

ಹನುಮಂತಪ್ಪನವರ ಮೀಸೆ ಎರಡು ಸಲ ಅದುರಿತು. ಆಮೇಲೆ ನನ್ನ ಹತ್ತಿರ ಬಂದು, ಮೈಕಿಗೆ ಕೇಳದಷ್ಟು ಮೆಲ್ಲಗೆ, “ಕೇಳಿಸ್ತು ಅಂತ ಹೇಳ್ರಿ” ಎಂದರು.

ಹೇಳಿದೆ.